ತೊಡೆ ಎನ್ನಲು ನಾಚುವವರ ನಡುವೆ ನನ್ನ ಆಪರೇಷನ್

ನಮ್ಮ ಹೊಸಪೇಟೆಯಲ್ಲಿ ಮೂಲವ್ಯಾಧಿಯ ಬಗ್ಗೆ ಮದುವೆಯ ಪಂಕ್ತಿಯಲ್ಲಿ ಕೂತು ಮಾತಾಡುತ್ತಾರೆ. ಆದರೆ ಹೆಂಗಸೊಬ್ಬಳು ‘ತೊಡೆ’ ಎಂದರೆ ಸಾಕು, ಎಲ್ಲರೂ ಫ್ಯಾನು ನೋಡುತ್ತಾರೆ. ಇದನ್ನು ನಾನು ಒಂದೇ ವರ್ಷದಲ್ಲಿ ಇಷ್ಟು ಸಲ ಅನುಭವಿಸಿದ್ದೇನೆಂದರೆ ಬರೆದಿಡದೆ ಗತ್ಯಂತರವಿಲ್ಲ.

ಶುಗರ್ ಬಂದಮೇಲೆ ಕಾಲುವೆ ದಂಡೆಯ ಮೇಲೆ ದಿನಾ ನಡೆದು ಭಾಳ ತೂಕ ಇಳಿಸಿದೆ. ತಿಂಗಳ ತೂಕವನ್ನೆಲ್ಲ ದಿನಾಂಕ ಹಾಕಿ ಬರೆದಿದ್ದೇನೆ. ಕೊಬ್ಬು ಹೋಯಿತು, ಚರ್ಮ ಹೋಗಲಿಲ್ಲ. ಎರಡೂ ತೊಡೆಯ ಒಳಭಾಗದಲ್ಲಿ ಜೋತುಬಿದ್ದು, ನಡೆದರೆ ಉಜ್ಜಿ ಗಾಯವಾಗುತ್ತಿತ್ತು. ಹಾಗೇ ಬಿಟ್ಟರೆ ನಡಿಗೆ ನಿಲ್ಲುತ್ತದೆ, ನಡಿಗೆ ನಿಂತರೆ ಶುಗರ್ ಏರುತ್ತದೆ. ಆ ಚರ್ಮ ತೆಗೆದು ಬಿಗಿ ಮಾಡುವ ಆಪರೇಷನ್ ಇದೆ ಎಂದು ಪತ್ರಿಕೆಯೊಂದರಲ್ಲಿ ಓದಿದೆ. ಬಿ.ಎಸ್ಸಿ. ಮಾಡಿದವಳು ನಾನು, ಮೊದಲು ತಿಳಿದುಕೊಳ್ಳೋಣ, ಆಮೇಲೆ ತೀರ್ಮಾನಿಸೋಣ ಎಂದುಕೊಂಡೆ. ತಿಳಿದುಕೊಳ್ಳಲು ಬಿಟ್ಟರೆ ತಾನೆ!

ನಮ್ಮ ಮನೆಯವರು

ಅಕ್ಕಿ ಗಿರಣಿಯಿಂದ ಊಟಕ್ಕೆ ಬಂದವರ ಮುಂದೆ ವಿಷಯ ತೆಗೆದೆ. ತೊಡೆ ಎಂದ ಕೂಡಲೇ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದರು.

“ಮೆಲ್ಲಕ ಮಾತಾಡು. ಕಾಲು ಅನ್ನು, ಸಾಕು.”

“ಕಾಲು ಅಂದ್ರ ಪಾದಾನೂ ಆಗ್ತದ, ಮೊಣಕಾಲೂ ಆಗ್ತದ.”

“ಅಲ್ಲ, ಸೀರಿ ಉಡ್ತೀಯಲ್ಲ, ಯಾರಿಗೆ ಕಾಣ್ತದ?”

“ಕಾಣೋದಲ್ರೀ, ಉರಿಯೋದು!”

ಉರಿ ಎಂಬುದು ಅವರಿಗೆ ಅರ್ಥವಾಯಿತು. ಸಂಜೆ ಪೌಡರ್ ಡಬ್ಬಿ ತಂದರು. ಅದಕ್ಕೆ ಎಷ್ಟು ಪೇಪರ್ ಸುತ್ತಿಸಿದ್ದರೆಂದರೆ, ಬಿಚ್ಚುವಷ್ಟರಲ್ಲಿ ಹಿಂದಿನ ವಾರದ ಸುದ್ದಿಯೆಲ್ಲ ಓದಿ ಮುಗಿಸಿದೆ.

ಮಗ

ಆಗ ಗಣಿ ಭರಾಟೆ. ನನ್ನ ಮಗನ ಲಾರಿಗಳು ಸಂಡೂರಿನಿಂದ ಅದಿರು ಹೊರುತ್ತಿದ್ದವು. ಆ ಕೆಂಪು ಧೂಳು ನಮ್ಮ ಉಪ್ಪಿನಕಾಯಿ ಭರಣಿಯವರೆಗೂ ಬರುತ್ತಿತ್ತು. ಲಾರಿ ಒಂದು ದಿನ ನಿಂತರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ನಾನು ಹೇಳಿದ್ದನ್ನೆಲ್ಲ ಗಂಭೀರವಾಗಿ ಕೇಳಿದ. ಓದಿಸಿದ್ದು ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಬಾಯಿಬಿಟ್ಟ:

“ಮಾಡ್ಸವ್ವಾ, ತಪ್ಪೇನಿಲ್ಲ. ಆದ್ರ ಎರಡೂ ಒಮ್ಮೆ ಶೆಡ್ಡಿಗೆ ಹಾಕಬ್ಯಾಡ. ಒಂದು ರನ್ನಿಂಗ್‌ನಾಗ ಇರ್ಲಿ.”

ಡಾಕ್ಟರು

ಬಳ್ಳಾರಿಯ ಡಾಕ್ಟರು ಪರೀಕ್ಷೆ ಮಾಡಿದ್ದು ನನ್ನನ್ನು, ಮಾತಾಡಿದ್ದು ನಮ್ಮ ಮನೆಯವರ ಜೊತೆ. “ಅಮ್ಮಾರಿಗೆ ಹೇಳ್ರಿ, ಏನೂ ಭಯ ಇಲ್ಲ” ಎಂದರು. ಅಮ್ಮಾರು ಎದುರಿಗೇ ಕೂತಿದ್ದರು! ಹೊಲಿಗೆ ಎಲ್ಲಿ ಬರುತ್ತದೆ ಎಂದು ಕೇಳಿದೆ. ಡಾಕ್ಟರು ಚಿತ್ರವೊಂದನ್ನು ಮೇಜಿನ ಮೇಲಿಟ್ಟರು. ನಮ್ಮ ಮನೆಯವರು ಅದರ ಮೇಲೆ ತಮ್ಮ ಟವೆಲ್ ಹಾಕಿದರು.

ಟವೆಲ್ ಎತ್ತಿ ಅವರ ಹೆಗಲಿಗೇ ಹಾಕಿ, ನನ್ನ ಕುರ್ಚಿಯನ್ನು ಡಾಕ್ಟರ ಮುಂದಕ್ಕೆ ಎಳೆದುಕೊಂಡೆ. “ತೊಡಿ ನಂದು. ನನಗ ಹೇಳ್ರಿ.”

ಆಗ ಹೇಳಿದರು. ಕೊಯ್ಯುವುದು ತೊಡೆಸಂದಿಯಲ್ಲಿ, ಚರ್ಮ ಹೆಚ್ಚಿದ್ದರೆ ಒಳಭಾಗದಲ್ಲಿ ಮೊಣಕಾಲಿನವರೆಗೂ. ಕಲೆ ಮಾಸುತ್ತದೆ, ಹೋಗುವುದಿಲ್ಲ. ಆ ಜಾಗದ ಗಾಯ ನಿಧಾನ ಮಾಯುತ್ತದೆ, ಶುಗರ್ ಹೆಚ್ಚಿದ್ದರೆ ಕೀವಾಗಬಹುದು, ಹೊಲಿಗೆ ಬಿಡಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ವಾರಗಟ್ಟಲೆ ಬಿಗಿ ಉಡುಪು. ನೆಲದ ಮೇಲೆ ಚಕ್ಕಳಮಕ್ಕಳ ಕೂರುವಂತಿಲ್ಲ. ಎಲ್ಲಕ್ಕಿಂತ ಮೊದಲು ಶುಗರ್ ಹತೋಟಿಗೆ ಬಂದು, ತೂಕ ಕೆಲವು ತಿಂಗಳು ಏರದೆ ಇಳಿಯದೆ ನಿಲ್ಲಬೇಕು.

ಇಷ್ಟನ್ನು ಹೊರಡಿಸಲು ನಾನು ವಕೀಲರ ಹಾಗೆ ಪಾಟೀಸವಾಲು ಮಾಡಬೇಕಾಯಿತು. ಕೊನೆಗೆ ಡಾಕ್ಟರು ಮೆಚ್ಚಿಕೊಂಡು ನಕ್ಕು, ನಮ್ಮ ಮನೆಯವರ ಕಡೆ ತಿರುಗಿ ಹೇಳಿದರು: “ನಿಮ್ಮ ಮನಿಯವ್ರು ಭಾಳ ಶಾಣ್ಯಾ ಅದಾರ. ಅವರಿಗೆ ಹೇಳ್ರಿ.”

ಕಂಪ್ಲಿಯಿಂದ ಬಂದವರು

ಗಿರಣಿಯಲ್ಲಿ ಯಾರೋ ಬಳ್ಳಾರಿಗೆ ಯಾಕೆ ಹೋಗಿದ್ದಿರಿ ಎಂದು ಕೇಳಿದ್ದಾರೆ. “ಮನ್ಯಾಗ ಕಾಲಿನ ಆಪರೇಷನ್ ಐತಿ” ಎಂದಿದ್ದಾರೆ ನಮ್ಮವರು. ಶುಗರ್ ಇದ್ದವರ ಕಾಲಿನ ಆಪರೇಷನ್ ಎಂದರೆ ಜನ ಏನು ತಿಳಿಯುತ್ತಾರೆ? ಸುದ್ದಿ ಗಾದಿಗನೂರು ಮುಟ್ಟುವಾಗ ನನ್ನ ಹೆಬ್ಬೆರಳು ಹೋಗಿತ್ತು. ಕಂಪ್ಲಿ ಮುಟ್ಟುವಾಗ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ.

ಭಾನುವಾರ ನಾನು ಸ್ಟೂಲ್ ಹತ್ತಿ ಫ್ಯಾನಿನ ಧೂಳು ಒರೆಸುತ್ತಿದ್ದೆ. ಗೇಟಿನಿಂದಲೇ ಅಳುವ ದನಿ. ಕಂಪ್ಲಿಯ ನನ್ನ ನಾದಿನಿ! ಒಂದು ಕೈಯಲ್ಲಿ ಬಾಳೆಗೊನೆ, ಇನ್ನೊಂದರಲ್ಲಿ ಹಿಡಿದು ನಡೆಯುವ ಕಬ್ಬಿಣದ ವಾಕರ್. ಅಳು ಕೇಳಿ ಹಿಂದೆಯೇ ನಮ್ಮ ಓಣಿಯ ಹೆಂಗಸರೂ ಒಳಗೆ ಬಂದರು.

ನಾದಿನಿ ಸ್ಟೂಲ್ ನೋಡಿದಳು. ಸೀರೆಯ ಅಂಚು ನೋಡಿದಳು. ಅಳು ನಿಂತಿತು.

“ಅತ್ತಿಗಿ! ನಿಮ್ಮವು ಎರಡೂ ಅದಾವಲ್ರೀ!” ನಾನೇನೋ ಮೋಸ ಮಾಡಿದೆನೆಂಬ ಹಾಗಿತ್ತು ದನಿ.

ನಮ್ಮ ಮನೆಯವರನ್ನು ಕರೆದೆ. “ಹೇಳ್ರಿ ನಿಮ್ಮ ತಂಗಿಗೆ, ಎಲ್ಲಿ ಆಪರೇಷನ್ ಅಂತ.”

“ಕಾಲಿಗೆ.”

“ಸರಿಯಾಗಿ ಹೇಳ್ರಿ.”

ಫ್ಯಾನು ನೋಡಿದರು. “ಕಾಲಿನ... ಮ್ಯಾಲಿನ ಅಂತಸ್ತು.”

ಇನ್ನು ನನ್ನಿಂದಾಗಲಿಲ್ಲ. ಸ್ಟೂಲಿನ ಮೇಲಿಂದಲೇ ಎಲ್ಲ ಹೇಳಿದೆ: ಚರ್ಮ, ಕೊಯ್ತ, ಕಲೆ, ಕೀವು, ಒಂದನ್ನೂ ಬಿಡಲಿಲ್ಲ. “ಈಗ ಮಾಡಿಸೋದಿಲ್ಲ. ಶುಗರ್ ಇಳೀಲಿ, ತೂಕ ನಿಲ್ಲಲಿ. ಆಮ್ಯಾಲೆ ಮಾಡಸ್ತೀನಿ, ಎರಡೂ ತೊಡಿಗೆ. ಇದು ನನ್ನ ತೀರ್ಮಾನ.”

ನಾದಿನಿ ಬಾಳೆಗೊನೆ ಕೆಳಗಿಟ್ಟಳು. ಆಮೇಲೆ ಕೇಳಿದಳು: “ಅತ್ತಿಗಿ, ನನಗೂ ನಡದ್ರ ಉರೀತದ. ನನಗ ಮಾಡ್ತಾರೇನ್ರಿ?” ಎದುರು ಮನೆಯವರು ಮುಂದೆ ಸರಿದರು: “ನನಗೂ ಉರೀತದ್ರೀ.” ಅಷ್ಟೂ ಹೆಂಗಸರಿಗೆ ಉರಿ! ಇಷ್ಟು ವರ್ಷ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

“ಈ ವಾಕರ್ ಇಲ್ಲೇ ಇರ್ಲಿ ತಗೋರಿ, ಮುಂದ ಬೇಕಾಗ್ತದ,” ಎಂದಳು ನಾದಿನಿ.

“ಯಾತಕ್ಕ?” ಎಂದರು ನಮ್ಮವರು, ಅಭ್ಯಾಸಬಲದಿಂದ.

“ತೊಡಿಗೆ!” ಎಂದೆವು ಎಲ್ಲರೂ ಒಟ್ಟಿಗೆ.

ಅವರು ಓಡಿಹೋಗಿ ಬೀದಿ ಬಾಗಿಲು ಹಾಕಿದರು. ಅರ್ಧ ಬೀದಿ ಒಳಗೇ ಇತ್ತು.