ನಾಲ್ಕು ಬೆರಳು ದೂರ

"ನಾಳೆ ಬೆಳಿಗ್ಗೆ ಹೋಗಿ, ಅಕ್ಕನ ಜೊತೆ ಊಟ ಮಾಡಿ, ಸಂಜೆ ಬಂದು ಅಂಗಡಿ ಬಾಗಿಲು ತೆಗೀತೀನಿ," ಎಂದು ಟೈಲರ್ ಘೋಷಿಸಿದ. ಗೋಡೆಯ ನಕ್ಷೆಗೆ ಟೇಪು ಹಿಡಿದು ಹೆಂಡತಿಗೆ ತೋರಿಸಿದ. "ನೋಡು, ನಾಲ್ಕು ಬೆರಳು. ಆರುನೂರು ಕಿಲೋಮೀಟರು. ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷ. ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ದುಂಟಾ?"

"ಆ ನಾಲ್ಕು ಬೆರಳನ್ನ ಹನ್ನೊಂದು ವರ್ಷದಿಂದ ಅಳೀತಾನೇ ಇದ್ದೀರಿ," ಎಂದಳು ಹೆಂಡತಿ.

ನಿಜವೇ. ಅಕ್ಕ ಫೋನಿನಲ್ಲಿ ಕರೆದಾಗಲೆಲ್ಲ ಅವನದು ಒಂದೇ ಉತ್ತರ: "ಏನು ಮಹಾ ದೂರ ಅಕ್ಕಾ, ಒಂದು ಗಂಟೆ ಹತ್ತು ನಿಮಿಷ. ಯಾವಾಗ ಬೇಕಾದ್ರೂ ಬರಬಹುದು." ಯಾವಾಗ ಬೇಕಾದರೂ ಹೋಗಬಹುದಾಗಿದ್ದವನು ಒಮ್ಮೆಯೂ ಹೋಗಲಿಲ್ಲ. ಕಳೆದ ವಾರ ಭಾವನ ಫೋನು ಬಂದಿತ್ತು. "ನಿನ್ನಕ್ಕನಿಗೆ ಮರೆವು ಜಾಸ್ತಿಯಾಗಿದೆ ಕಣಯ್ಯ. ಬೆಳಗಿನ ಹೊತ್ತು ಒಂದಿಷ್ಟು ಗುರುತು ಹಿಡೀತಾಳೆ, ಅದೂ ದಿನಾ ಅಲ್ಲ. ಬೇಗ ಬಾ."

ಟೈಲರಿಗೆ ಅಂದು ಊಟ ಸೇರಲಿಲ್ಲ. ಎದ್ದು ಹೋಗಿ ಅಕ್ಕನಿಗೊಂದು ಉಣ್ಣೆಯ ಕೋಟು ಕತ್ತರಿಸಲು ಕೂತ. ಅವಳ ಅಳತೆ ಅವನಿಗೆ ಬಾಯಿಪಾಠ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿದವಳು ಅವಳು, ಮೊದಲ ಕತ್ತರಿ ಕೊಡಿಸಿದವಳೂ ಅವಳೇ.

ಏಳು ಗಂಟೆಯ ವಿಮಾನಕ್ಕೆ ಎರಡು ಗಂಟೆ ಮುಂಚೆ ಹೋಗಿರಬೇಕೆಂದು ಹೆಂಡತಿ ಹೇಳಿ ಸಾಕಾದಳು.

"ಎಪ್ಪತ್ತು ನಿಮಿಷದ ದಾರಿಗೆ ನೂರಿಪ್ಪತ್ತು ನಿಮಿಷ ಕಾಯೋದಾ? ಗುಂಡಿಗಿಂತ ಕಾಜಾನೇ ದೊಡ್ಡದಾಯ್ತಲ್ಲ," ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆರೂಕಾಲಿಗೆ ತಪಾಸಣೆಯ ಸಾಲು ಸೇರಿದ. ಚೀಲದಲ್ಲಿ ಕತ್ತರಿ ಸಿಕ್ಕಿತು.

"ಇದನ್ನ ಒಳಗೆ ಬಿಡೋದಿಲ್ಲ," ಎಂದಳು ತಪಾಸಣೆಯವಳು.

"ಕೋಟು ಹಾಕಿ ನೋಡಿದ ಮೇಲೆ ಹೆಚ್ಚುಕಮ್ಮಿ ಇದ್ರೆ ಸರಿ ಮಾಡೋದಕ್ಕಮ್ಮ."

"ಅಳತೆ ಸರಿಯಾಗಿದ್ರೆ ಕತ್ತರಿ ಯಾಕೆ?"

ಮಾತು ನೇರ ಮರ್ಮಕ್ಕೆ ತಾಗಿತು. ಇದು ಅಕ್ಕ ಕೊಡಿಸಿದ ಕತ್ತರಿ, ಮೂವತ್ತು ವರ್ಷದ ಕತ್ತರಿ ಎಂದು ಅವನು ವಾದಕ್ಕೆ ನಿಂತ. ವಾದ ಮುಗಿಯುವ ಹೊತ್ತಿಗೆ ಕತ್ತರಿಯೂ ಹೋಗಿತ್ತು, ವಿಮಾನವೂ ಹೋಗಿತ್ತು! ಮುಂದಿನದು ಮಧ್ಯಾಹ್ನ ಮೂರಕ್ಕೆ. ಮೂರರದು ನಾಲ್ಕೂವರೆಗೆ ಹೊರಟಿತು. ಆದರೆ ಆಕಾಶದಲ್ಲಿ ತೆಗೆದುಕೊಂಡದ್ದು ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ. ಅಷ್ಟರಮಟ್ಟಿಗೆ ಅವನ ಮಾತು ಉಳಿಯಿತು.

ಬಾಗಿಲು ತೆರೆದ ಭಾವ ಬೈಯಲಿಲ್ಲ. "ಬೆಳಿಗ್ಗೆ ಚೆನ್ನಾಗಿದ್ಲು. ತಮ್ಮ ಬರ್ತಾನೆ ಅಂತ ಹನ್ನೊಂದರವರೆಗೂ ಈ ಬಾಗಿಲಲ್ಲೇ ಕೂತಿದ್ಲು," ಎಂದಷ್ಟೇ ಹೇಳಿದ.

ಅಕ್ಕ ಕಿಟಕಿಯ ಪಕ್ಕದಲ್ಲಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ, ಕೂತ್ಕೊಳ್ಳಿ," ಎಂದಳು. ಹುಟ್ಟಿದ ಮೇಲೆ ಮೊದಲ ಸಲ ಅಕ್ಕ ಅವನಿಗೆ ಬಹುವಚನ ಹಚ್ಚಿದ್ದಳು.

ಕೋಟು ತೆಗೆದು ಅವಳಿಗೆ ತೊಡಿಸಿದ. ಎಷ್ಟು ಸೊರಗಿದ್ದಳೆಂದರೆ ತೋಳಿನ ತುದಿಯಲ್ಲಿ ಬೆರಳೂ ಕಾಣಿಸಲಿಲ್ಲ. ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದ. ಕತ್ತರಿ ಎಲ್ಲಿಂದ ಬರಬೇಕು?

"ದೊಡ್ಡದಾಯ್ತು," ಎಂದ ತಲೆ ತಗ್ಗಿಸಿ. "ಅಳತೆ ತಪ್ಪಿಬಿಟ್ಟಿದೆ."

ಅವನ ಕಣ್ಣೀರು ಕಂಡು ಅಕ್ಕನಿಗೆ ಅಯ್ಯೋ ಅನ್ನಿಸಿತು.

"ಅಷ್ಟಕ್ಕೆಲ್ಲ ಅಳ್ತಾರಾ? ನನ್ನ ತಮ್ಮ ಟೈಲರು. ಬಂದು ಸರಿ ಮಾಡಿಕೊಡ್ತಾನೆ ಬಿಡಿ. ವಿಮಾನದಲ್ಲಿ ಒಂದು ಗಂಟೆ ಹತ್ತು ನಿಮಿಷವಂತೆ, ಇನ್ನೇನು ಬಂದುಬಿಡ್ತಾನೆ." ಆಮೇಲೆ ಅವನ ಕಡೆ ಬಾಗಿ, ಬಹಳ ಹೆಮ್ಮೆಯಿಂದ ಹೇಳಿದಳು: "ಅವನ ಅಳತೆ ಯಾವತ್ತೂ ತಪ್ಪೋದಿಲ್ಲ."