ದಾರಿಗೆ ಕಳೆ ಬಂತು!

ನನ್ನಿಂದ ಗುಡ್ಡಕ್ಕೆ ಒಂದು ಉಪಕಾರ ಆಗಲೇಬೇಕು ಎಂದು ನಾನು ತೀರ್ಮಾನ ಮಾಡಿದೆ. ಗುಡ್ಡದ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ!

ನಾನು ಟೈಲ್ಸ್ ಹಾಕುವವನು. ಓದು ಏಳನೇ ಕ್ಲಾಸು. ಮಾತು ಅದಕ್ಕಿಂತ ಕಮ್ಮಿ. ಆದರೆ ಕೆಲಸಕ್ಕೆ ಕೈ ಹಾಕಿದೆನೆಂದರೆ ಎರಡು ಟೈಲ್ಸಿನ ನಡುವೆ ಇರುವೆ ಕೂಡ ಅಪ್ಪಣೆ ಕೇಳಿಯೇ ನುಗ್ಗಬೇಕು.

ನಮ್ಮ ಬೀದಿಯ ಹಿಂದಿನ ಗುಡ್ಡದಲ್ಲಿ ಒಂದು ಕಾಲುದಾರಿ ಇದೆ. ಜನ ತುಳಿದೂ ತುಳಿದೂ ಅದರ ಅಂಚಿನ ಮಣ್ಣು ಜಾರುತ್ತಿತ್ತು. ಅರಣ್ಯ ಇಲಾಖೆಯ ಮೇಡಂ ಬಂದು, "ಮೂರು ತಿಂಗಳಲ್ಲಿ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ದಾರಿ ಮುಚ್ಚಿಸ್ತೀನಿ," ಎಂದು ಗಡುವು ಕೊಟ್ಟು ಹೋದರು. ಬೀದಿಯವರು ಗುಂಪು ಕಟ್ಟಿದರು. ಗುಂಪಿಗೆ ಹಿರಿಯರು ರಿಟೈರಾದ ಲೈಬ್ರರಿ ಸಾರ್. ಗಿಡದ ಕೆಲಸಕ್ಕೆಲ್ಲ ನನ್ನ ಹೆಂಡತಿಯೇ ಯಜಮಾನಿ.

"ನಾನೂ ಬರ್ತೀನಿ," ಅಂದೆ.

"ನೀವಾ? ಸಿಮೆಂಟಿಲ್ಲದ ಜಾಗದಲ್ಲಿ ನಿಮಗೇನ್ರೀ ಕೆಲಸ?"

ಆ ಮಾತು ಕಾಲಿಗೆ ಮುಳ್ಳು ಹೊಕ್ಕ ಹಾಗೆ ಹೊಕ್ಕಿತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತೋರಿಸುತ್ತೇನೆ ಇವಳಿಗೆ!

ಮೇಡಂ ಮತ್ತೆ ಬರುವುದು ಭಾನುವಾರ ಹತ್ತು ಗಂಟೆಗೆ ಎಂದಾಯಿತು. ಶನಿವಾರ ಸಂಜೆ ಲೈಬ್ರರಿ ಸಾರ್ ಫೋನ್ ಬಂತು. ಹೆಂಡತಿ ಮನೆಯಲ್ಲಿರಲಿಲ್ಲ, ನಾನೇ ಎತ್ತಿದೆ.

"ಏನಪ್ಪಾ, ನಿಮ್ಮ ಮನೆಯವರು ಕೈ ಹಾಕಿದ ಮೇಲೆ ದಾರಿಗೆ ಎಂಥಾ ಕಳೆ ಬಂದಿದೆ! ಎರಡೂ ಕಡೆ ಕಳೆಯೇ ಕಳೆ! ನಾಳೆ ಮೇಡಂ ಕಣ್ಣಿಗೆ ಬಿದ್ದರೆ ಸಾಕು!"

ಮೂರು ತಿಂಗಳು ಬೆನ್ನು ಬಗ್ಗಿಸಿ ದುಡಿದವಳ ದಾರಿಯಲ್ಲಿ ಕಳೆಯೇ? ಅದೂ ಮೇಡಂ ಕಣ್ಣಿಗೆ ಬಿದ್ದರೆ? ದಾರಿಗೆ ಬೇಲಿ, ಇವಳಿಗೆ ಊರೆಲ್ಲ ಅವಮಾನ! ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳುವುದೇ ಬೇಡ. ಗುಟ್ಟಾಗಿ ಮಾನ ಕಾಪಾಡುವುದು ಗಂಡನಾದವನ ಧರ್ಮ!

ನಿದ್ದೆ ಸರಿಯಾಗಿ ಹತ್ತಲಿಲ್ಲ. ಬೆಳಕು ಹರಿಯುವುದೇ ತಡ, ಸಿಮೆಂಟು ಎತ್ತುವ ಕರಣೆ ಹಿಡಿದು ಗುಡ್ಡ ಹತ್ತಿದೆ.

ಅಬ್ಬಾ, ಅದೇನು ಕಳೆ! ಸಾರ್ ಹೇಳಿದ್ದು ಸುಳ್ಳಲ್ಲ. ಎರಡೂ ಅಂಚಿಗೆ ಗೇಣಿಗೊಂದರಂತೆ ನೂಲು ಹಿಡಿದ ಹಾಗೆ ಸಾಲಾಗಿ ಎದ್ದು ನಿಂತಿತ್ತು. ಇಷ್ಟು ಶಿಸ್ತಿನ ಕಳೆಯನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಕೆಲಸದವರು ಟೈಲ್ಸನ್ನು ಕೂಡ ಇಷ್ಟು ನೇರ ಕೂರಿಸುವುದಿಲ್ಲ! ಆದರೂ ಕನಿಕರ ತೋರಲಿಲ್ಲ. ಬುಡಕ್ಕೆ ಕರಣೆ ಹಾಕು, ಬೇರು ಸಮೇತ ಎತ್ತು, ರಾಶಿಗೆ ಎಸೆ. ಹಾಕು, ಎತ್ತು, ಎಸೆ. ಎಂಟು ಗಂಟೆಗೆ ದಾರಿ ನುಣ್ಣಗೆ ಬೋಳಾಯಿತು.

ಅಷ್ಟರಲ್ಲಿ ಹೆಂಡತಿ ನೀರಿನ ಕೊಡ ಹೊತ್ತು ಮೇಲೆ ಬಂದಳು.

"ಏನ್ರೀ ಇದು?"

"ಕಳೆ. ಕಿತ್ತೆ."

"ಏನು ಕಿತ್ರಿ?"

"ಎಲ್ಲಾ. ಒಂದೂ ಬಿಟ್ಟಿಲ್ಲ."

ಕೊಡ ಕೈಯಿಂದ ಜಾರಿ ದಾರಿಯುದ್ದಕ್ಕೂ ಉರುಳಿಕೊಂಡು ಹೋಯಿತು. "ನೂರಿಪ್ಪತ್ತು ಸಸಿ ಕಣ್ರೀ! ಮಣ್ಣು ಹಿಡಿಯೋ ಹುಲ್ಲು! ಹಾಲಿನ ಪ್ಯಾಕೆಟ್‌ನಲ್ಲಿ ಒಂದೊಂದೇ ಬೆಳೆಸಿದ್ದೆ! ಎರಡು ತಿಂಗಳು ಬಾಲ್ಕನಿಯಲ್ಲಿ ಇವುಗಳ ಪಕ್ಕದಲ್ಲೇ ನಿಂತು ಹಲ್ಲುಜ್ಜಿದ್ದೀರಲ್ರೀ, ಮುಖ ಪರಿಚಯ ಬೇಡವಾ?"

"ಲೈಬ್ರರಿ ಸಾರ್ ಹೇಳಿದ್ರು. ನೀನು ಕೈ ಹಾಕಿದ್ಮೇಲೆ ದಾರಿಗೆ ಕಳೆ ಬಂತಂತೆ."

"ಅಯ್ಯೋ ನನ್ನ ಕರ್ಮವೇ! ಮದುವೆ ಮನೆಗೆ ಕಳೆ ಬಂತು ಅಂದ್ರೆ ಕುಡುಗೋಲು ತಗೊಂಡು ಹೋಗ್ತೀರೇನ್ರೀ?"

ಆಗ ತಲೆಗೆ ಹೊಳೆಯಿತು. ಹೊಳೆದು ಏನು ಪ್ರಯೋಜನ! ಅವಳ ಮುಖದಲ್ಲಿದ್ದ ಕಳೆಯೂ ಹೋಗಿತ್ತು. ಅದನ್ನೂ ನಾನೇ ಕಿತ್ತಿದ್ದೆ.

ಅಷ್ಟರಲ್ಲಿ ಲೈಬ್ರರಿ ಸಾರ್ ಇಸ್ತ್ರಿ ಅಂಗಿ ತೊಟ್ಟು ಬಂದರು. ನೋಡಿದರು. ಪಕ್ಕದ ಬಂಡೆಯ ಮೇಲೆ ಕುಸಿದು ಕೂತರು.

"ನಾನು ಹೊಗಳಿದ್ದು ಕಣಯ್ಯಾ..."

"ಸ್ವಲ್ಪ ಸುಲಭದ ಮಾತಲ್ಲಿ ಹೊಗಳಬಾರದಿತ್ತಾ, ಸಾರ್?"

"ಬಾಯಿ ಮುಚ್ಕೊಂಡು ಗುಂಡಿ ತೋಡಿ!" ಅಂದಳು ಹೆಂಡತಿ. ಬಾಯಿ ಮುಚ್ಚುವುದು ನನಗೆ ಕಷ್ಟವಲ್ಲ. ತೋಡಿದೆ. ಬೇರು ಹರಿಯದ ಹಾಗೆ ಕಿತ್ತದ್ದೊಂದೇ ಆವತ್ತು ನಾನು ಮಾಡಿದ ಪುಣ್ಯ. ಸಾರ್ ಸಸಿ ಕೊಡುವುದು, ಇವಳು ನೆಡುವುದು, ನಾನು ಕೆಳಗಿನ ನಲ್ಲಿಗೆ ಓಡಿ ನೀರು ತರುವುದು. ಮೂವರಿಗೂ ಕಣ್ಣು ಗಡಿಯಾರದ ಮೇಲೆ. ಹತ್ತು ಗಂಟೆಗೆ ಎಂಬತ್ತು ಸಸಿ ನಿಂತಿದ್ದವು. ನಿಂತಿದ್ದವು ಅನ್ನುವುದು ಹೆಚ್ಚಾಯಿತು. ಜ್ವರ ಬಂದವರ ಹಾಗೆ ಒಂದರ ಮೇಲೊಂದು ಒರಗಿದ್ದವು.

ಮೇಡಂ ಬಂದರು. ಬಗ್ಗಿ ಒಂದು ಸಸಿ ಮುಟ್ಟಿದರು. ರಾಶಿಯಲ್ಲಿ ಉಳಿದ ನಲವತ್ತನ್ನೂ ನೋಡಿದರು.

"ಏನಾಯ್ತು ಇಲ್ಲಿ? ಮೇಕೆ ನುಗ್ಗಿತ್ತಾ?"

ಸಾರ್ ಆಕಾಶ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ. ಹೆಂಡತಿ ನನ್ನನ್ನು ನೋಡಿದಳು.

"ಹೌದು ಮೇಡಂ."

"ಎಷ್ಟಿದ್ದವು?"

"ಒಂದೇ, ಮೇಡಂ. ನಮ್ಮನೇದೇ."

"ಕಟ್ಟಿ ಹಾಕೋದಲ್ವಾ?"

"ಹನ್ನೊಂದು ವರ್ಷದ ಹಿಂದೆ ಕಟ್ಟಿಕೊಂಡಿದ್ದೇ ನಾನು, ಮೇಡಂ. ಬಿಗಿ ಸಾಲಲಿಲ್ಲ."

ಮೇಡಂ ನನ್ನ ಕೆಸರುಗೈ ನೋಡಿದರು, ಕರಣೆ ನೋಡಿದರು. ತುಟಿ ಅಲುಗಿತು. "ಬೇರು ಗಟ್ಟಿಯಿದೆ, ಬದುಕುತ್ತೆ. ದಾರಿ ತೆರೆದೇ ಇರ್ಲಿ. ಆದ್ರೆ ಆ ಮೇಕೆ ಇನ್ನೊಂದ್ಸಲ ಬಾಯಿ ಹಾಕಿದ್ರೆ ಬೇಲಿ ಗ್ಯಾರಂಟಿ. ಕೆಳಗಡೆ ಒಂದು ಬೋರ್ಡ್ ಹಾಕ್ಸಿ."

ಬೋರ್ಡು ನೆಡುವುದು ಸಿಮೆಂಟಿನ ಕೆಲಸ. ಅಂದರೆ ನನ್ನದೇ! ಮಾರನೆಯ ದಿನವೇ ದಾರಿಯ ಬಾಯಲ್ಲಿ ಕಂಬ ನಿಲ್ಲಿಸಿದೆ: 'ಮೇಕೆಗಳಿಗೆ ಪ್ರವೇಶವಿಲ್ಲ.' ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಮೇಕೆ ಇಲ್ಲ. ಓದಿದವರೆಲ್ಲ ತಲೆ ಕೆರೆದುಕೊಂಡರು.

ಉಳಿದ ನಲವತ್ತು ಸಸಿ ನೆಡಲು ನಾನೂ ಬುಟ್ಟಿ ಎತ್ತಿಕೊಂಡು ಹೊರಟೆ. ಹೆಂಡತಿ ಕಂಬದ ಪಕ್ಕದಲ್ಲೇ ತಡೆದಳು. ಬುಟ್ಟಿ ಇಸಿದುಕೊಂಡಳು.

"ಬೋರ್ಡ್ ಓದಿದ್ರಾ?"

"ನಾನೇ ನೆಟ್ಟಿದ್ದಲ್ವಾ, ಓದಿದೀನಿ."

"ಹಾಗಾದ್ರೆ ಆ ಕಡೆ ನಿಂತ್ಕೊಳ್ಳಿ."