ಎಲ್ಲ ಮೀನಿಗೂ ಆಗುವ ರೀಲು ಮಹಾಶಯರಿಗೆ

ಬಂಟ್ವಾಳ ಪೇಟೆ,
ನವೆಂಬರ್ ೧೯೬೧

ಶ್ರೀಮಾನ್ ರೀಲು ಮಹಾಶಯರಿಗೆ,
ಹಿತ್ತಾಳೆ ಮೈ, ಎರಡು ಹಿಡಿ, ವಿದೇಶದ ಹುಟ್ಟು,
ಸದ್ಯದ ವಾಸ: ಧರ್ಣಪ್ಪನ ಕೊಡೆ ಅಂಗಡಿಯ ಹಿಂದಿನ ಮನೆ.

ಮಾನ್ಯರೇ,

ತಮ್ಮ ಹಲ್ಲುಚಕ್ರಗಳೂ ತಿರುಪುಗಳೂ ಕ್ಷೇಮವಾಗಿವೆಯೆಂದು ನಂಬಿ, ಈ ಪೇಟೆಯಲ್ಲಿ ಕೊಡೆ ಮಾರಿ, ಮುರಿದ ಕೊಡೆಗೆ ಕಡ್ಡಿ ಹಾಕಿಕೊಟ್ಟು ಬದುಕುವ ಧರ್ಣಪ್ಪನಾದ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಗಾಳದ ನೂಲು ಸುತ್ತುವ ಕಾಯಕಕ್ಕೆಂದು ತಾವು ನಮ್ಮ ಮನೆಗೆ ದಯಮಾಡಿಸಿದ ದಿನದಿಂದ ನಾನು ಅನುಭವಿಸುತ್ತಿರುವುದನ್ನು ತಮ್ಮ ಗಮನಕ್ಕೆ ತರುವ ಕಾಲ ಬಂದಿದೆ. ಇದನ್ನು ಕಿವಿಯಲ್ಲಿ ಹೇಳಬಹುದಿತ್ತು. ಆದರೆ ನದಿಯ ಬದಿಯಲ್ಲಿ ಇಡೀ ಪೇಟೆ ನೋಡಿ ನಕ್ಕ ಸಂಗತಿಯನ್ನು ಈಗ ಗುಟ್ಟು ಮಾಡಿ ಯಾರಿಗೂ ಲಾಭವಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸುತ್ತೇನೆ. ತಮ್ಮನ್ನು ನಾನು ಮೀನಿನ ಆಸೆಗೆ ಕೊಂಡದ್ದಲ್ಲ. ಮೀನು ಬೇಕಿದ್ದರೆ ಸೈನಬ ಬುಟ್ಟಿ ಹೊತ್ತುಕೊಂಡು ನಮ್ಮ ಬಾಗಿಲಿಗೇ ಬರುತ್ತಾಳೆ, ಹಸಿಯೂ ಉಂಟು, ಒಣಗಿದ್ದೂ ಉಂಟು. ಕೊಂಡದ್ದು ನನ್ನ ಮಾವನವರ ದೆಸೆಯಿಂದ. ಬೆಳ್ತಂಗಡಿ ಕಡೆಯ ಸಂಕಪ್ಪ ಶೆಟ್ರು ತಮ್ಮ ಮಗಳು ಕಾಂತಿಯನ್ನು ಗದ್ದೆ ಇದ್ದವರ ಮನೆಗೆ ಕೊಡಬೇಕೆಂದಿದ್ದವರು. ಅವರ ಮನೆಯ ಹೆಂಗಸರೆಲ್ಲ ಒಟ್ಟಾಗಿ ಅವಳನ್ನು ಕೊಡೆ ಮಾರುವವನಿಗೆ ಕೊಟ್ಟುಬಿಟ್ಟರು. ಅಂದಿನಿಂದ ಮಾವನವರು ಗಡಿ ತಕರಾರಿನ ಕೆಲಸಕ್ಕೆ ಬಂಟ್ವಾಳದ ತಾಲೂಕು ಕಚೇರಿಗೆ ಬಂದಾಗಲೆಲ್ಲ ನನ್ನ ಅಂಗಡಿಯ ಬೆಂಚಿನಲ್ಲಿ ಕೂರುತ್ತಾರೆ, ಬೆಲ್ಲ ತಿಂದು ನೀರು ಕುಡಿಯುತ್ತಾರೆ, ಮಗಳ ಆರೋಗ್ಯ ವಿಚಾರಿಸುತ್ತಾರೆ, ಊಟದ ಹೊತ್ತಿಗೆ ಸರಿಯಾಗಿ ಎದ್ದು ಬಸ್ಸಿಗೆ ಹೋಗುತ್ತಾರೆ. ಅಂಗಡಿಯ ಹಿಂದೆ ಇರುವ ಮನೆಯ ಹೊಸ್ತಿಲು ಅವರು ದಾಟಿದ್ದಿಲ್ಲ.

ಹೀಗಿರುವಾಗ ಮೂಡಬಿದ್ರಿಯಲ್ಲಿ, ನನ್ನ ನಾದಿನಿ ಶಶಿಪ್ರಭಾಳ ಮನೆಯ ಮದುವೆಯ ಊಟದ ಸಾಲಿನಲ್ಲಿ ಯಾರೋ ಕೆಣಕಿದರು, ಕಿರಿಮಗಳ ಮನೆಯಲ್ಲಿ ಉಂಡಿರಿ, ಹಿರಿಮಗಳ ಮನೆಯಲ್ಲಿ ಯಾವಾಗ ಅಂತ. ಮಾವನವರು ಸಾಲಿಗೆಲ್ಲ ಕೇಳುವ ಹಾಗೆ ಹೇಳಿದರು: "ಒಂದು ಮೀನು ಹಿಡಿಯಲಿಕ್ಕೆ ಗೊತ್ತಿಲ್ಲದವನ ಮನೆಯಲ್ಲಿ ಊಟ ಮಾಡುವುದು ಹೇಗೆ ಮಾರಾಯ? ನೇತ್ರಾವತಿಯ ಬದಿಯಲ್ಲಿ ಮನೆ ಮಾಡಿಕೊಂಡು ಕೊಡೆ ಬಿಡಿಸಿ ಕೂತಿದ್ದಾನೆ! ಕೈಯಾರೆ ಒಂದು ಮೀನು ಹಿಡಿಯಲಿ, ಮರುದಿನವೇ ಹೋಗಿ ಎಲೆ ಹಾಕಿಸಿಕೊಳ್ತೇನೆ." ಸಾಲೆಲ್ಲ ನಕ್ಕಿತು, ನಾನೂ ನಕ್ಕೆ. ಬಡಿಸುತ್ತಿದ್ದ ಕಾಂತಿ ಮಾತ್ರ ನಗಲಿಲ್ಲ. ಅಪ್ಪ ಪೇಟೆಗೆ ಬರುತ್ತಾರೆಂದು ಗೊತ್ತಾದ ದಿನ ಅವಳು ಒಲೆಯ ಮೇಲಿನ ಪಾತ್ರೆಗೆ ಅಕ್ಕಿ ಹೆಚ್ಚು ಹಾಕುತ್ತಾಳೆ, ಅವರು ಬಸ್ಸು ಹತ್ತಿದ ಮೇಲೆ ಆ ಅನ್ನವನ್ನು ರಾತ್ರಿಗೂ ನಾವಿಬ್ಬರೇ ತಿಂದು ಮುಗಿಸುತ್ತೇವೆ. ಮಹಾಶಯರೇ, ಇದನ್ನು ಪತ್ರದ ಅಂದಕ್ಕಾಗಿ ಹೇಳುತ್ತಿಲ್ಲ.

ಸೈನಬಳಿಂದ ಒಂದು ಮೀನು ಕೊಂಡು ನಾನೇ ಹಿಡಿದದ್ದೆಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮಾವನವರು ಯಾವ ಮೀನು ಕಂಡರೂ ಮೊದಲು ಬಾಯಿ ಅಗಲಿಸಿ ನೋಡುತ್ತಾರೆ, ಗಾಳಕ್ಕೆ ಬಿದ್ದದ್ದೋ ಬಲೆಗೆ ಬಿದ್ದದ್ದೋ ಎಂದು. ಅಂಥವರ ಎದುರು ಅಂಥ ಆಟ ನಡೆಯುವುದಿಲ್ಲ.

ಆದ್ದರಿಂದ ನಾನು ಮಂಗಳೂರಿನ ಬಂದರಿಗೆ ಹೋಗಿ, ಬಲೆ ಹಗ್ಗಗಳ ಅಂಗಡಿಯೊಂದರಲ್ಲಿ ರುಕ್ಮಯ್ಯ ಎಂಬ ಸಜ್ಜನರನ್ನು ಕಂಡೆ. ಅವರ ಗಾಜಿನ ಕಪಾಟಿನಲ್ಲಿ ಊರಿಗೆ ಮರಳಿದ ಯಾರೋ ದೊರೆಗಳು ಬಿಟ್ಟುಹೋದ ಗಾಳದ ಕೋಲುಗಳಿದ್ದವು. ಒಂದು ಉದ್ದ, ಗಟ್ಟಿ, ದೊಡ್ಡ ಮೀನಿಗೆ, ಇನ್ನೊಂದು ಗಿಡ್ಡ, ಬಳುಕುವಂಥದ್ದು, ಚಿಲ್ಲರೆ ಮೀನಿಗೆ, ಮೂರನೆಯದು ನಡುವಿನದು. ನಮ್ಮ ನದಿಯಲ್ಲಿ ಯಾವ ಮೀನು ನನ್ನ ಮೇಲೆ ಕೃಪೆ ತೋರುವುದೆಂದು ನನಗೆ ಗೊತ್ತಿರಲಿಲ್ಲವಾದ್ದರಿಂದ ಎಲ್ಲದಕ್ಕೂ ಆಗುವಂಥದ್ದು, ಕೈಗೆ ಎಟುಕುವ ಬೆಲೆಯದ್ದು ಬೇಕೆಂದೆ. ಒಳ್ಳೆಯ ಕೋಲು ಕೊಂಡರೆ ರೀಲಿಗೆ ದುಡ್ಡಿಲ್ಲ, ಒಳ್ಳೆಯ ರೀಲು ಕೊಂಡರೆ ಕೋಲಿಗಿಲ್ಲ ಎಂದು ನಾನು ತಲೆ ಕೆರೆಯುತ್ತಿರುವಾಗ ರುಕ್ಮಯ್ಯನವರು ತಮ್ಮನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದರು. ತಮ್ಮ ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಒಂದು ಹಸಿರು ಮೀನಿನ ಚಿತ್ರವಿತ್ತು, ಕೆಳಗೆ ಬಾಸ್ ಎಂದು ಬರೆದಿತ್ತು. ಅದು ಯಾವ ಮೀನೆಂದು ಕೇಳಿದೆ. "ಅಮೇರಿಕದ್ದು. ನಮ್ಮ ಹೊಳೆಯ ಮಡೆಂಜಿ ಮೀನಿಗೆ ದೊಡ್ಡಪ್ಪನ ಮಗ ಅಂತ ಇಟ್ಟುಕೊಳ್ಳಿ," ಎಂದರು. ಹೊಳೆಗೆ ಆಗ್ತದಾ? ಆಗ್ತದೆ. ಕೆರೆಗೆ? ಆಗ್ತದೆ. ಗುಡ್ಡದ ತೋಡಿಗೆ? "ಎಲ್ಲದಕ್ಕೂ ಆಗ್ತದೆ, ಧೈರ್ಯದಲ್ಲಿ ಕೊಂಡುಹೋಗಿ."

ಬಿಸಿಲಿಗೂ ಆಗ್ತದೆ, ಮಳೆಗೂ ಆಗ್ತದೆ, ಮಡಚಿದರೆ ಊರುಗೋಲಿಗೂ ಆಗ್ತದೆ ಎಂದು ಹಗಲಿಡೀ ಗಿರಾಕಿಗಳಿಗೆ ಹೇಳುವವನು ನಾನು. ಆದರೂ ಅದೇ ಮಾತನ್ನು ಇನ್ನೊಬ್ಬ ಅಂಗಡಿಯವನ ಬಾಯಲ್ಲಿ ಕೇಳಿದಾಗ ಅದು ನಿಜವಿರಬಹುದು ಅನಿಸಿತು! ದುಡ್ಡನ್ನೆಲ್ಲ ತಮ್ಮ ಪಾದಕ್ಕೆ ಹಾಕಿ, ಕೋಲನ್ನು ಮನೆಯಲ್ಲೇ ಮಾಡಿಕೊಂಡೆ. ಬಿದಿರಿನ ಎಳೆಯ ಕೋಲಿಗೆ ಕೊಡೆಯ ಕಡ್ಡಿ ಬಗ್ಗಿಸಿ ಉಂಗುರ ಕಟ್ಟಿದೆ, ನೂಲು ಅವುಗಳ ಮೂಲಕ ಹಾಯಬೇಕಲ್ಲ. ಬುಡಕ್ಕೆ ಕೊಡೆಯ ಬಾಗಿದ ಹಿಡಿಯನ್ನೇ ಕೂರಿಸಿದೆ. ಅಂಥ ಸಿಂಹಾಸನದ ಮೇಲೆ ತಮ್ಮನ್ನು ಪ್ರತಿಷ್ಠಾಪಿಸಿ, ಹೊಸ ನೈಲಾನ್ ನೂಲು ಸುತ್ತಿ, ನೆರೆ ಇಳಿದು ನೀರು ತಿಳಿಯಾದ ಒಂದು ಬೆಳಿಗ್ಗೆ ನದಿಗೆ ಕರೆದೊಯ್ದೆ.

ಅಂದು ತಾವು ಮಾಡಿದ್ದನ್ನು ತಮಗೆ ನೆನಪಿಸುವುದು ಶಿಷ್ಟಾಚಾರವಲ್ಲ, ಆದರೂ ನೆನಪಿಸುತ್ತೇನೆ. ನಾನು ಎಸೆದೆ. ನೂಲು ಹೊರಗೆ ಹೋಗುವ ವೇಗಕ್ಕಿಂತ ಹೆಚ್ಚು ಉತ್ಸಾಹದಿಂದ ತಾವು ತಿರುಗಿದಿರಿ; ಗಾಳ ನನ್ನ ಕಾಲ ಬುಡದಲ್ಲೇ ಬಿತ್ತು, ಹೋಗಬೇಕಾಗಿದ್ದ ನೂಲೆಲ್ಲ ತಮ್ಮ ಹೊಟ್ಟೆಯೊಳಗೇ ಉಬ್ಬಿ ಎದ್ದು, ತಲೆ ಬಾಚದ ಭೂತದ ಹಾಗೆ ಸಿಕ್ಕಾಗಿ ಕೂತಿತು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ದಾರಿಯಲ್ಲಿ ಬುಟ್ಟಿ ಇಳಿಸಿದ್ದ ಸೈನಬ, "ಧರ್ಣಪ್ಪಣ್ಣ, ಇದು ಮೀನು ಹಿಡಿಯುವ ಮಿಷನಾ, ಇಲ್ಲ ಮೀನಿಗೆ ಗುಬ್ಬಿ ಗೂಡು ಕಟ್ಟಿಕೊಡುವ ಮಿಷನಾ?" ಎಂದು ಕೇಳಿದಳು. ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ "ಗೂಡು ಆಯ್ತಾ ಅಣ್ಣ?" ಎಂಬುದೇ ಕುಶಲಪ್ರಶ್ನೆಯಾಗಿದೆ.

ಸ್ಥಳದ ದೋಷವಿರಬಹುದೆಂದು ತಮ್ಮನ್ನು ಮೂಡಬಿದ್ರಿಗೂ ಕರೆದೊಯ್ದೆ. ಅಲ್ಲಿ ಷಡ್ಡಕ ಲೋಕನಾಥನ ಗದ್ದೆಯ ಕೆರೆಯಲ್ಲಿ ತಾವು ಹಿಡಿದದ್ದು ಕೆರೆಯ ಮೆಟ್ಟಿಲನ್ನು. ಬೆಳ್ತಂಗಡಿ ಕಡೆ ದೇವಸ್ಥಾನದ ಬದಿಯ ಹೊಳೆಗುಂಡಿಯೊಂದರಲ್ಲಿ ದೇವರ ಮೀನುಗಳಿವೆ, ಅವನ್ನು ಯಾರೂ ಹಿಡಿಯುವುದಿಲ್ಲ, ಹುರಿಯಕ್ಕಿ ಹಾಕಿ ಕೈಮುಗಿಯುತ್ತಾರೆ. ಅಲ್ಲಿಂದ ಸಾಕಷ್ಟು ಕೆಳಗೆ, ಗಾಳ ಬಿಚ್ಚಿಟ್ಟು, ಬರೀ ಸೀಸದ ಗುಂಡು ಕಟ್ಟಿ, ಕೈ ಪಳಗಿಸಲೆಂದು ಒಮ್ಮೆ ಎಸೆದು ನೋಡಿದೆ. ಆಹಾ! ಒಂದು ಸಿಕ್ಕಿಲ್ಲ, ಒಂದು ತಡೆಯಿಲ್ಲ, ನೂಲು ಗೆರೆ ಎಳೆದ ಹಾಗೆ ಹೊಳೆಯ ಆಚೆ ದಡದವರೆಗೆ ಹೋಯಿತು. ಗಾಳವಿಲ್ಲದಾಗ ಮಾತ್ರ ಇಷ್ಟು ಭಕ್ತಿಯಿಂದ ವರ್ತಿಸುವ ತಮ್ಮ ಅಹಿಂಸಾವ್ರತವನ್ನು ನಾನು ಮನಸಾರೆ ಮೆಚ್ಚಿದ್ದೇನೆ. ತಮ್ಮ ದಾಕ್ಷಿಣ್ಯದಿಂದ ನೇತ್ರಾವತಿಯ ಮಡೆಂಜಿ, ಮುಗುಡುಗಳ ಸಂಸಾರಗಳು ಸುಖವಾಗಿ ಬೆಳೆಯುತ್ತಿವೆ. ಅವು ತಮಗೊಂದು ಸನ್ಮಾನಪತ್ರ ಅರ್ಪಿಸಿದರೆ ಓದಲು ನಾನೇ ಬರುತ್ತೇನೆ.

ಈ ಪತ್ರದಲ್ಲಿ ಕೆಲವು ವಿನಂತಿಗಳನ್ನು ಮಾಡಬೇಕೆಂದಿದ್ದೆ. ತಾವು ಯಾವ ಬಾಸ್ ಮೀನಿಗಾಗಿ ಹುಟ್ಟಿದಿರೋ ಆ ಜಾತಿಯ ಒಬ್ಬರನ್ನಾದರೂ ಹಡಗಿನಲ್ಲಿ ಕರೆಸಿ, ನಮ್ಮ ದೋಣಿ ಕಡವಿನ ಬಳಿ ಬಾಯಿ ತೆರೆದು ನಿಲ್ಲಿಸಬೇಕು. ಅದು ಆಗದಿದ್ದರೆ ನಮ್ಮ ಮಡೆಂಜಿಗಳಿಗೆ ತಮ್ಮ ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಓದಲು ಕಲಿಸಬೇಕು. ಅದೂ ಆಗದಿದ್ದರೆ, ಮೀನು ಹಿಡಿಯುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ತಾವೇ ಬೆಳ್ತಂಗಡಿಗೆ ಹೋಗಿ ನನ್ನ ಮಾವನವರಿಗೆ ಮನವರಿಕೆ ಮಾಡಬೇಕು. ಇಷ್ಟು ಬರೆದು ಸಹಿ ಹಾಕುವುದಿತ್ತು. ಅಷ್ಟರಲ್ಲಿ ಗುರುವಾರ ಬಂತು.

ಗುರುವಾರ ಬೆಳಿಗ್ಗೆ ತಮ್ಮ ಹೊಟ್ಟೆಯ ಸಿಕ್ಕು ನನ್ನ ಕೈಮೀರಿದ್ದರಿಂದ, ಅಂಗಡಿಯ ಬೆಂಚಿನಲ್ಲಿ ಕೂತು ಕೊಡೆಬಟ್ಟೆಯ ಕತ್ತರಿಯನ್ನು ಕೈಗೆತ್ತಿಕೊಂಡೆ. ತಾಲೂಕು ಕಚೇರಿಯಲ್ಲಿ ಸಾಹೇಬರು ಇಲ್ಲವೆಂದು ವಾಪಸು ಬಂದ ಮಾವನವರು ಬಾಗಿಲಲ್ಲೇ ಕೂಗಿದರು: "ಇಡು ಕತ್ತರಿ! ನೂಲು ಕತ್ತರಿಸುತ್ತಾನಂತೆ ನೂಲು! ಇದೇನು ನಿನ್ನ ಕೊಡೆಯ ಬಟ್ಟೆಯಾ?" ತಮ್ಮನ್ನು ನನ್ನ ಕೈಯಿಂದ ಕಸಿದುಕೊಂಡರು. ನೂಲಿನ ತುದಿ ಹುಡುಕಿದರು, ಸಿಗಲಿಲ್ಲ. ಅಂಗಡಿಯೊಳಗೆ ಕತ್ತಲೆ, ಕಣ್ಣಿಗೆ ನೂಲು ಕಾಣುವುದಿಲ್ಲ ಎಂದು ಬೈದರು. ಬೆಳಕು ಎಲ್ಲಿ ಉಂಟು ಎಂದು ಕೇಳಿದರು. ಹಿಂದೆ ಅಂಗಳದಲ್ಲಿ ಉಂಟು ಎಂದೆ. ಹೊಸ್ತಿಲು ದಾಟಿದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು.

ಜಗಲಿಯಲ್ಲಿ ಕೂತು ಅವರು ಒಂದು ಸುರುಳಿ ಬಿಡಿಸಿ ಕಿರುಬೆರಳಿಗೆ ಹಾಕಿಕೊಂಡರು, ಇನ್ನೊಂದನ್ನು ಪಕ್ಕದ ಬೆರಳಿಗೆ. ಹೀಗೆ ಮಧ್ಯಾಹ್ನದ ಹೊತ್ತಿಗೆ ಎರಡು ಕೈಯ ಎಲ್ಲ ಬೆರಳುಗಳಲ್ಲೂ ನೂಲಿನ ಕುಣಿಕೆಗಳು. ಒಂದು ಬೆರಳು ಮಡಚಿದರೆ ಬೆಳಗಿನಿಂದ ಮಾಡಿದ್ದೆಲ್ಲ ಹಾಳು. ಕಾಂತಿ ಬಂದು ಊಟಕ್ಕೆ ಏಳಿ ಎಂದಳು. "ಏಳುವುದು ಹೇಗೆ, ಕಾಣುವುದಿಲ್ಲವಾ ಮಗಾ?" ಎಂದು ಕೈಗಳೆರಡನ್ನೂ ಎತ್ತಿ ತೋರಿಸಿದರು. ಹಸಿವಾಗಿತ್ತು, ಮುಖದಲ್ಲಿ ಗೊತ್ತಾಗುತ್ತಿತ್ತು. ಕಾಂತಿ ಒಳಗೆ ಹೋಗಿ ಬಟ್ಟಲಿನಲ್ಲಿ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿ, ಸೈನಬಳಿಂದ ಕೊಂಡ ಒಣ ಸಿಗಡಿಯ ಚಟ್ನಿ ಬದಿಗಿಟ್ಟು ತಂದಳು. ಪಕ್ಕದಲ್ಲಿ ಕೂತು, ತುತ್ತು ಮಾಡಿ ಅವರ ಬಾಯಿಯ ಹತ್ತಿರ ಹಿಡಿದಳು.

ಮಾವನವರು ತುತ್ತನ್ನು ನೋಡಿದರು, ಮಗಳನ್ನು ನೋಡಿದರು, ನನ್ನನ್ನೂ ಒಮ್ಮೆ ನೋಡಿದರು. "ಎಲೆ ಹಾಕಿಲ್ಲ ಅಲ್ಲವಾ?" ಎಂದು ಕೇಳಿದರು. ಹಾಕಿಲ್ಲ ಎಂದೆ. "ಹಾಗಾದರೆ ನನ್ನ ಮಾತು ನಿಂತಿದೆ," ಎಂದು ಬಾಯಿ ತೆರೆದರು.

ಬಟ್ಟಲು ಖಾಲಿಯಾಗುವವರೆಗೂ ಉಂಡರು. ಚಟ್ನಿಗೆ ಖಾರ ಸಾಲದು ಎಂದರು, ಇನ್ನೊಮ್ಮೆ ಹಾಕಿಸಿಕೊಂಡರು. ಕಾಂತಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಸೆರಗಿನಲ್ಲಿ ಒರೆಸಿದ್ದು ಮಾತ್ರ ಅವರ ಬಾಯನ್ನು. ನಾನು ಅಲ್ಲಿ ನಿಲ್ಲಲಾರದೆ ಅಂಗಡಿಗೆ ಬಂದು, ಚೆನ್ನಾಗಿಯೇ ಇದ್ದ ಒಂದು ಕೊಡೆಯನ್ನು ಬಿಚ್ಚಿ ರಿಪೇರಿ ಮಾಡುತ್ತಾ ಕೂತೆ.

ಆದ್ದರಿಂದ ಮಾನ್ಯರೇ, ಮೇಲೆ ಕಾಣಿಸಿದ ನನ್ನ ಎಲ್ಲ ದೂರುಗಳನ್ನೂ ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ಎಲ್ಲದಕ್ಕೂ ಆಗ್ತದೆ ಎಂದ ರುಕ್ಮಯ್ಯನವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೀನು ಹಿಡಿಯುವುದೊಂದನ್ನು ಬಿಟ್ಟು ಎಂದು ಅವರು ಸೇರಿಸಬೇಕಾಗಿತ್ತು, ಅಷ್ಟೇ. ತಾವು ದಯವಿಟ್ಟು ಯಾವ ಕಾರಣಕ್ಕೂ ಸುಧಾರಿಸಿಕೊಳ್ಳಬಾರದು. ಮಾವನವರ ಗಡಿ ತಕರಾರು ಇನ್ನೂ ಬಹುಕಾಲ ನಡೆಯುವ ಲಕ್ಷಣವಿದೆ. ತಾಲೂಕು ಕಚೇರಿಯಲ್ಲಿ ಅವರಿಗೆ ಕೆಲಸವಿದ್ದ ದಿನಗಳಲ್ಲಿ ತಾವು ಇನ್ನಷ್ಟು ಮುತುವರ್ಜಿಯಿಂದ ಸಿಕ್ಕಾಗಬೇಕು, ಊಟದ ಹೊತ್ತಿಗೆ ಮುಂಚೆ ಬಿಡಿಸಲಾಗದಷ್ಟು ಆಗಬೇಕು ಎಂದು ಸಮಸ್ತ ಕುಟುಂಬದ ಪರವಾಗಿ ಪ್ರಾರ್ಥಿಸುತ್ತೇನೆ.

ಈವರೆಗೆ ಒಂದು ಮೀನಿನ ಮುಖವನ್ನೂ ಕಾಣದ,
ತಮ್ಮ ವಿಶ್ವಾಸಿ,
ಧರ್ಣಪ್ಪ

ತಾಜಾ ಕಲಂ: ಸಂಜೆಯ ಬಸ್ಸಿಗೆ ಮುಂಚೆ ಮಾವನವರು ಸಿಕ್ಕನ್ನು ಪೂರ್ತಿ ಬಿಡಿಸಿ, ನೂಲನ್ನು ಒಪ್ಪವಾಗಿ ಸುತ್ತಿ, ತಮ್ಮ ಬಲಬದಿಯಲ್ಲಿ ಒಂದು ಪುಟ್ಟ ತಿರುಪನ್ನು ಕಂಡುಹಿಡಿದರು. ಅದನ್ನು ಬಿಗಿ ಮಾಡಿದರೆ ತಾವು ಅತಿಯಾಗಿ ತಿರುಗುವುದಿಲ್ಲವಂತೆ, ಇನ್ನು ಜನ್ಮದಲ್ಲಿ ಸಿಕ್ಕಾಗುವುದಿಲ್ಲವಂತೆ. ಕೊಡೆ ಕಡ್ಡಿ ನೆಟ್ಟಗೆ ಮಾಡುವವನಿಗೆ ಇಷ್ಟು ಕಾಣಲಿಲ್ಲವಾ ಎಂದು ನನಗೆ ಬೈದು, ಬಿಗಿಯಾಗಿ ತಿರುಗಿಸಿಕೊಟ್ಟು ಬಸ್ಸು ಹತ್ತಿದರು. ಬಸ್ಸು ತಿರುವು ದಾಟಿದ್ದೇ ಕಾಂತಿ ನನ್ನ ಅಂಗಡಿಯ ಸ್ಕ್ರೂಡ್ರೈವರನ್ನು ತಂದು ನನ್ನ ಕೈಯಲ್ಲಿ ಇಟ್ಟಳು. ತಿರುಪು ಈಗ ನನ್ನ ಜೇಬಿನಲ್ಲಿದೆ.